‘ಮೂನ್ ಕಾಲ್ಡ್’ ಓದಿದೆ: ಮರ್ಸಿ ಮನಸ್ಸಲ್ಲಿ ಉಳಿದಳು, ಕೊನೆ ಮಾತ್ರ ಕೈ ಜಾರಿತು

ಪುಟಮಡಿಚಿ

ಪ್ಯಾಟ್ರೀಶಿಯಾ ಬ್ರಿಗ್ಸ್ ಅವರ ‘ಮೂನ್ ಕಾಲ್ಡ್’ ನಿನ್ನೆ ರಾತ್ರಿ ಮುಗಿಯಿತು. 2006ರಲ್ಲಿ ಬಂದ ಪುಸ್ತಕ, ಮರ್ಸಿ ಥಾಂಪ್ಸನ್ ಸರಣಿಯ ಮೊದಲ ಭಾಗ. ತುಂಬಾ ಇಷ್ಟವಾಯಿತು. ಕೊನೆಯ ಭಾಗಕ್ಕೆ ಬಂದಾಗ ಅಷ್ಟೇ ಬೇಜಾರೂ ಆಯಿತು. ಎರಡನ್ನೂ ಬರೆದುಬಿಡುತ್ತೇನೆ. ಕಥೆಯ ಕೊನೆವರೆಗೂ ಮಾತಾಡುತ್ತೇನೆ, ಹಾಗಾಗಿ ಓದದೇ ಇರುವವರು ಇಲ್ಲಿಗೇ ನಿಲ್ಲಿಸಿ.

ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ಕೆನ್ನೆವಿಕ್, ರಿಚ್‌ಲ್ಯಾಂಡ್, ಪಾಸ್ಕೊ ಅನ್ನುವ ಮೂರು ಊರುಗಳನ್ನು ಸೇರಿಸಿ ಟ್ರೈ-ಸಿಟೀಸ್ ಅನ್ನುತ್ತಾರೆ. ಮರ್ಸಿ ಅಲ್ಲಿ ಫೋಕ್ಸ್‌ವ್ಯಾಗನ್ ಕಾರು ರಿಪೇರಿ ಮಾಡುವ ಗ್ಯಾರೇಜ್ ಇಟ್ಟುಕೊಂಡಿದ್ದಾಳೆ. ಬೇಕೆಂದಾಗ ಕಯೋಟಿ ಆಗುತ್ತಾಳೆ. ಕಯೋಟಿ ಅಂದರೆ ತೋಳಕ್ಕಿಂತ ಚಿಕ್ಕದು, ನರಿಗಿಂತ ದೊಡ್ಡದು. ಬೇಲಿಯ ಆಚೆ ಇರುವ ಆಡಮ್ ಆ ಊರಿನ ತೋಳಮನುಷ್ಯರ ಹಿಂಡಿಗೆ ಆಲ್ಫಾ, ಅಂದರೆ ನಾಯಕ. ಒಂದು ದಿನ ಮ್ಯಾಕ್ ಅನ್ನುವ ಹುಡುಗ ಕೆಲಸ ಕೇಳಿಕೊಂಡು ಗ್ಯಾರೇಜಿಗೆ ಬರುತ್ತಾನೆ. ಹೊಸದಾಗಿ ತೋಳಮನುಷ್ಯನಾದವನು. ಅವನ ಬೆನ್ನ ಹಿಂದೆಯೇ ಆಪತ್ತು.

ನನಗೆ ಹಿಡಿಸಿದ್ದು ಮೊದಲ ಪುಟವೇ. ಮರ್ಸಿಯ ಮೂಗು ಚುರುಕು, ವಾಸನೆಯಲ್ಲೇ ಯಾರು ಏನು ಅಂತ ಹೇಳಬಲ್ಲಳು. ಆದರೆ ಗ್ರೀಸ್ ಮತ್ತು ಸುಟ್ಟ ಎಣ್ಣೆಯ ನಡುವೆ ಆ ಮೂಗು ಸರಿಯಾಗಿ ಕೆಲಸ ಮಾಡುವುದಿಲ್ಲ. ಹಾಗಾಗಿ ಎದುರಿಗೆ ನಿಂತವನು ತೋಳಮನುಷ್ಯ ಅಂತ ತಕ್ಷಣ ಗೊತ್ತಾಗುವುದಿಲ್ಲ. ಅವಳಿಗೆ ಏನು ಬರುತ್ತದೆ, ಅದು ಎಲ್ಲಿ ಕೈಕೊಡುತ್ತದೆ, ಅವಳ ಕಸುಬು ಏನು, ಮೂರೂ ಒಂದೇ ಉಸಿರಿನಲ್ಲಿ ಬಂದುಬಿಟ್ಟವು.

ಬೇಜಾರಾಗಿದ್ದು ಮ್ಯಾಕ್ ವಿಷಯಕ್ಕೆ. ಅಷ್ಟು ಪ್ರೀತಿಯಿಂದ ಕಟ್ಟಿದ ಹುಡುಗ. ಸ್ವಲ್ಪ ಹೊತ್ತಿಗೆ ಅವನ ಹೆಣ ಮರ್ಸಿಯ ಮನೆ ಬಾಗಿಲಿಗೆ ಬಂದು ಬೀಳುತ್ತದೆ. ಅಲ್ಲಿಂದ ಕಥೆ ಎಷ್ಟು ಜೋರಾಗಿ ಓಡುತ್ತದೆ ಅಂದರೆ ಅವನಿಗಾಗಿ ಅಳುವುದಕ್ಕೆ ಯಾರಿಗೂ ಪುರುಸೊತ್ತಿಲ್ಲ. ಕೊನೆಯಲ್ಲಿ ಎಲ್ಲ ಬಿಚ್ಚಿಕೊಂಡಾಗ ಅದು ಆಡಮ್, ತೋಳಮನುಷ್ಯರಿಗೆಲ್ಲ ದೊರೆಯಂತಿರುವ ಬ್ರಾನ್, ಸಂಚು ಹೂಡಿದ ಜೆರಿ ಅಂತ ದೊಡ್ಡವರ ಲೆಕ್ಕಾಚಾರವಾಗಿರುತ್ತದೆ. ಮ್ಯಾಕ್ ಎಲ್ಲಿ ಹೋದ?

ನಿಮಗೆಲ್ಲ ಹೇಗನ್ನಿಸಿತು? ಎರಡನೇ ಭಾಗ ಹಿಡಿಯಬೇಕಾ?

ಗ್ರೀಸ್ ಕೈ

ನಾನು ಕಾದಂಬರಿ ಓದುವುದೇ ಕಡಿಮೆ. ಇದನ್ನು ಓದಿದ್ದು ಗ್ಯಾರೇಜಿಗಾಗಿ. ನಾನೂ ಮೆಕ್ಯಾನಿಕ್ಕೇ.

ಕಥೆಗಳಲ್ಲಿ ಮೆಕ್ಯಾನಿಕ್ ಅಂದರೆ ಮುಖಕ್ಕೆ ಒಂದು ಕಪ್ಪು ಗೆರೆ, ಕೈಯಲ್ಲಿ ಒಂದು ಸ್ಪ್ಯಾನರ್, ಅಷ್ಟೇ. ಇಲ್ಲಿ ಹಾಗಲ್ಲ. ಹಳೆ ಬೀಟಲ್ ಎಂಜಿನ್ ಹಿಂದೆ ಇರುತ್ತದೆ, ಗಾಳಿಯಿಂದ ತಣ್ಣಗಾಗುತ್ತದೆ, ರೇಡಿಯೇಟರ್ ಇಲ್ಲ. ರ‍್ಯಾಬಿಟ್ ಬೇರೆಯೇ ಜಾತಿ. ಗಾಲ್ಫ್ ಕಾರನ್ನು ಅಮೆರಿಕದಲ್ಲಿ 1975ರಿಂದ ಆ ಹೆಸರಲ್ಲಿ ಮಾರಿದರು. ಎಂಜಿನ್ ಮುಂದೆ, ನೀರಿನಿಂದ ತಣ್ಣಗಾಗುತ್ತದೆ. ಒಂದೇ ಕಂಪನಿಯ ಕಾರಾದರೂ ಕೈಗೆ ಸಿಗುವ ಕೆಲಸವೇ ಬೇರೆ. ಬರೆದವರಿಗೆ ಇಂಥ ಹಳೆ ಕಾರುಗಳ ಮೇಲೆ ನಿಜವಾದ ಪ್ರೀತಿ ಇದೆ ಅಂತ ಓದುವಾಗ ಗೊತ್ತಾಗುತ್ತದೆ.

ಆ ರ‍್ಯಾಬಿಟ್ ಪ್ರಸಂಗ ನೆನಪಿದೆಯಾ? ಆಡಮ್ ಮನೆ ಅಂದರೆ ನೀಟು. ಅವನ ಕಿಟಕಿಗೆ ಕಾಣುವ ಹಾಗೆ ಮರ್ಸಿ ತನ್ನ ಜಾಗದಲ್ಲಿ ಬಿಡಿಭಾಗಕ್ಕೆ ಇಟ್ಟುಕೊಂಡ ಒಂದು ಹಾಳು ರ‍್ಯಾಬಿಟ್ ನಿಲ್ಲಿಸಿದ್ದಾಳೆ. ಅವನು ಜಾಸ್ತಿ ಅಧಿಕಾರ ಚಲಾಯಿಸಿದರೆ ಹೋಗಿ ಅದರ ಚಕ್ರ ಬಿಚ್ಚುತ್ತಾಳೆ. ಮೈಬಲದಲ್ಲಿ ಅವನ ಮುಂದೆ ಅವಳು ಏನೂ ಅಲ್ಲ. ಆದರೆ ಎಲ್ಲಿ ಚುಚ್ಚಿದರೆ ನೋಯುತ್ತದೆ ಅಂತ ಗೊತ್ತು. ಅವರಿಬ್ಬರ ನಡುವೆ ಇರುವುದು ಏನು ಅಂತ ಹೇಳುವುದಕ್ಕೆ ನನಗೆ ಆ ಕಾರೇ ಸಾಕು.

ಇನ್ನೊಬ್ಬ ಝೀ. ಅವಳಿಗೆ ಕೆಲಸ ಕಲಿಸಿದ ಮುದುಕ, ಗ್ಯಾರೇಜ್ ಅವಳಿಗೆ ಮಾರಿದವನು. ಅವನು ಫೇ, ಅಂದರೆ ಯುರೋಪಿನ ಹಳೆ ಕಥೆಗಳ ಮಾಯಾವಿಗಳ ಪೈಕಿ. ಆ ಜನಕ್ಕೆ ಕಬ್ಬಿಣ ಆಗಿಬರುವುದಿಲ್ಲ. ಝೀ ಮಾತ್ರ ಗ್ರೆಮ್ಲಿನ್, ಲೋಹವೇ ಅವನ ಕಸುಬು. ಎಂಥ ಚಂದದ ಯೋಚನೆ ಅಲ್ವಾ?

ಬೆಳದಿಂಗಳ ಓದು

ನಾನು ಈ ಪುಸ್ತಕವನ್ನು ಎರಡು ಸಲ ಓದಿದ್ದೇನೆ, ಎರಡು ಸಲವೂ ಸಿಟ್ಟು ಬಂದಿದೆ. ಎಲ್ಲಿ ಅಂತ ಹೇಳುತ್ತೇನೆ.

ಈ ಲೋಕದಲ್ಲಿ ತೋಳಹೆಂಗಸಿಗೆ ಹಿಂಡಿನಲ್ಲಿ ತನ್ನದೇ ಸ್ಥಾನ ಇಲ್ಲ. ಗಂಡನ ಸ್ಥಾನವೇ ಅವಳ ಸ್ಥಾನ. ಗಂಡ ಇಲ್ಲದವಳು ಎಲ್ಲರಿಗಿಂತ ಕೆಳಗೆ. ರೂಪ ಬದಲಾಗುವಾಗಿನ ಹಿಂಸೆಗೆ ಗರ್ಭ ನಿಲ್ಲುವುದಿಲ್ಲ, ಹಾಗಾಗಿ ಅವರಿಗೆ ಮಕ್ಕಳೂ ಇಲ್ಲ. ಈ ನಿಯಮಗಳನ್ನು ಮರ್ಸಿ ನಮಗೆ ಹೇಳುತ್ತಾಳೆ, ಅವಳಿಗೂ ಅದು ಇಷ್ಟವಿಲ್ಲ. ಸರಿ. ಆದರೆ ಆ ಹೆಂಗಸರು ಎಲ್ಲಿ? ಅವರ ಬಾಯಿಂದ ಒಂದು ಮಾತು? ಮೊದಲ ಪುಸ್ತಕದಲ್ಲಿ ಎದ್ದು ಕಾಣುವವರೆಲ್ಲ ಗಂಡಸರೇ. ಆಡಮ್, ಸ್ಯಾಮ್ಯುಯೆಲ್, ಬ್ರಾನ್, ಝೀ, ಸ್ಟೆಫಾನ್, ವಾರೆನ್. ಮರ್ಸಿಗೆ ಹತ್ತಿರದವಳು ಅಂತ ಇರುವ ಒಬ್ಬಳೇ ಹುಡುಗಿ ಆಡಮ್‌ನ ಮಗಳು ಜೆಸ್ಸಿ. ಅವಳನ್ನೂ ಅಪಹರಣ ಮಾಡಿಸಿ ಕಥೆಯ ಬಹುಪಾಲು ಕಣ್ಣಿಂದ ಮರೆ ಮಾಡಿದ್ದಾರೆ.

ನಾಯಕಿ ಗಟ್ಟಿ ಅಂತ ತೋರಿಸಲು ಸುತ್ತಲಿನ ಹೆಂಗಸರನ್ನೆಲ್ಲ ಖಾಲಿ ಮಾಡುವುದು ಆ ಕಾಲದ ಇಂಥ ಸರಣಿಗಳಲ್ಲಿ ಮಾಮೂಲಿ. ಇಷ್ಟು ಒಳ್ಳೆಯ ಬರಹಗಾರ್ತಿಯೂ ಅದನ್ನೇ ಮಾಡಿದ್ದು ನೋವು.

ಆದರೆ ಸ್ಯಾಮ್ಯುಯೆಲ್ ವಿಷಯಕ್ಕೆ ಮನಸ್ಸಾರೆ ಹೊಗಳುತ್ತೇನೆ. ಆಗ ಮರ್ಸಿಗೆ ಹದಿನಾರು ವರ್ಷ. ಸ್ಯಾಮ್ಯುಯೆಲ್ ನೂರಾರು ವರ್ಷ ಬದುಕಿದ ತೋಳಮನುಷ್ಯ. ಪ್ರೀತಿ ಅಂತ ಅವಳು ನಂಬಿದ್ದಳು. ಅವನಿಗೆ ಬೇಕಿದ್ದಿದ್ದು ಬದುಕಿ ಉಳಿಯುವ ಮಕ್ಕಳು. ಅವಳು ತೋಳವಲ್ಲ, ಹಾಗಾಗಿ ಅವಳಿಂದ ಅದು ಸಾಧ್ಯ ಅನ್ನುವ ಲೆಕ್ಕ. ಇದನ್ನು ಅವಳಿಗೆ ಹೇಳಿದ್ದು ಅವನ ಅಪ್ಪ ಬ್ರಾನ್. ಮರ್ಸಿ ತಾನು ಬೆಳೆದ ಮೊಂಟಾನಾದ ತೋಳಮನುಷ್ಯರ ಊರು ಬಿಟ್ಟು ಅಮ್ಮನ ಹತ್ತಿರ ಪೋರ್ಟ್‌ಲ್ಯಾಂಡಿಗೆ ಹೋಗುತ್ತಾಳೆ. ಎಷ್ಟೋ ವರ್ಷ ಆದಮೇಲೆ, ಗಾಯಗೊಂಡ ಆಡಮ್‌ನನ್ನು ವ್ಯಾನಿಗೆ ಹಾಕಿಕೊಂಡು, ಅದೇ ಮೊಂಟಾನಾದ ಊರಿಗೆ ಸಹಾಯ ಕೇಳಿಕೊಂಡು ಹೋಗಬೇಕಾಗುತ್ತದೆ. ತನ್ನನ್ನು ಕಳಿಸಿಬಿಟ್ಟವರ ಮನೆ ಬಾಗಿಲಿಗೆ. ಆ ಪ್ರಯಾಣದ ಪುಟಗಳನ್ನು ಓದುವಾಗ ನನ್ನ ಹೊಟ್ಟೆಯಲ್ಲಿ ಸಂಕಟವಾಯಿತು. ಹಿಂದೆ ಸೀಟಿನಲ್ಲಿ ಮಲಗಿದ ತೋಳ ನೋವಿನಲ್ಲಿ ಎದ್ದರೆ ಅವಳನ್ನೇ ಕೊಂದುಬಿಡಬಹುದು. ಆದರೂ ಅವಳಿಗೆ ಹೆಚ್ಚು ಭಯ ಮುಂದೆ ಇರುವ ಊರಿನದ್ದು.

ಕಾಡುದಾರಿ

ಮೇಡಂ, ನಿಮ್ಮ ಮಾತಿಗೆ ಒಂದು ವಿಷಯ ಸೇರಿಸಬೇಕು. ತೋಳಗಳ ಬಗ್ಗೆ ಓದುವುದು ನನ್ನ ಹುಚ್ಚು, ಸ್ವಲ್ಪ ಉದ್ದವಾದರೆ ಸಹಿಸಿಕೊಳ್ಳಿ.

‘ಆಲ್ಫಾ’ ಅನ್ನುವ ಮಾತು ತೋಳಗಳ ವಿಷಯಕ್ಕೆ ಅಂಟಿಕೊಂಡಿದ್ದು ರುಡಾಲ್ಫ್ ಶೆಂಕೆಲ್ ಅವರ 1947ರ ಬರಹದಿಂದ. ಅವರು ನೋಡಿದ್ದು ಕಾಡಿನ ತೋಳಗಳನ್ನಲ್ಲ. ಸ್ವಿಟ್ಜರ್‌ಲ್ಯಾಂಡಿನ ಬಾಸೆಲ್ ಮೃಗಾಲಯದಲ್ಲಿ ಕೂಡಿಹಾಕಿದ ತೋಳಗಳನ್ನು. ಡೇವಿಡ್ ಮೆಕ್ ಅನ್ನುವ ವಿಜ್ಞಾನಿ 1970ರ ತಮ್ಮ ಪುಸ್ತಕದಲ್ಲಿ ಅದೇ ಮಾತು ಬಳಸಿದರು, ಅದು ಎಲ್ಲ ಕಡೆ ಹಬ್ಬಿತು. ಆಮೇಲೆ ಅವರೇ ಕಾಡಿನಲ್ಲಿ ತೋಳಗಳನ್ನು ವರ್ಷಗಟ್ಟಲೆ ನೋಡಿ, 1999ರಲ್ಲಿ ಆ ಮಾತು ಸರಿಯಲ್ಲ ಅಂತ ಬರೆದರು. ಕಾಡಿನ ಹಿಂಡು ಅಂದರೆ ಸಾಮಾನ್ಯವಾಗಿ ಒಂದು ಸಂಸಾರ. ಅಪ್ಪ, ಅಮ್ಮ, ಮರಿಗಳು. ಅಲ್ಲಿ ಕಾದಾಡಿ ಗೆದ್ದು ಗದ್ದುಗೆ ಹಿಡಿಯುವುದು ಅಂತ ಇಲ್ಲ. ಮರಿ ದೊಡ್ಡದಾದರೆ ಹೊರಟು ತನ್ನ ಸಂಸಾರ ಹೂಡುತ್ತದೆ.

ಹಾಗಾದರೆ ಬ್ರಿಗ್ಸ್ ತಪ್ಪು ಮಾಡಿದರಾ? ಮೊದಲು ನಾನೂ ಹಾಗೇ ಅಂದುಕೊಂಡೆ. ಈಗ ಅನ್ನಿಸುವುದು ಬೇರೆ. ತೋಳಮನುಷ್ಯರ ಹಿಂಡು ಸಂಸಾರ ಅಲ್ಲವಲ್ಲ. ಹಿಂಡಿನೊಳಗೆ ಮರಿ ಹುಟ್ಟುವುದಿಲ್ಲ. ಎಲ್ಲೆಲ್ಲಿಂದಲೋ ಬಂದ ದೊಡ್ಡವರು, ಒಬ್ಬರಿಗೊಬ್ಬರು ಏನೂ ಆಗಬೇಕಿಲ್ಲ, ಒಂದೇ ಕಷ್ಟ ತಲೆ ಮೇಲೆ ಬಿದ್ದಿದ್ದಕ್ಕೆ ಒಟ್ಟಿಗೆ ಇರಬೇಕು. ಬಿಟ್ಟು ಹೋಗುವುದಕ್ಕೂ ಸುಲಭವಿಲ್ಲ. ಅದು ಬಾಸೆಲ್‌ನ ಬೇಲಿಯೊಳಗಿನ ಹಿಂಡೇ! ಕಣ್ಣಿಗೆ ಕಣ್ಣು ಕೊಟ್ಟು ನೋಡಿದರೆ ಜಗಳ, ತಲೆ ತಗ್ಗಿಸಿದರೆ ಬಚಾವ್. ಪುಸ್ತಕದಲ್ಲಿ ಈ ಕಣ್ಣಿನ ಆಟ ಎಷ್ಟು ಚೆನ್ನಾಗಿ ಬಂದಿದೆ ನೋಡಿ. ಮರ್ಸಿ ಯಾವಾಗ ದೃಷ್ಟಿ ಇಳಿಸುತ್ತಾಳೆ, ಯಾವಾಗ ಇಳಿಸುವುದಿಲ್ಲ ಅನ್ನುವುದರಲ್ಲೇ ಅರ್ಧ ಮಾತುಕತೆ ನಡೆದುಹೋಗುತ್ತದೆ.

ಆದರೆ ಹೆಣ್ಣಿನ ವಿಷಯಕ್ಕೆ ತೋಳಗಳನ್ನು ದೂರುವ ಹಾಗಿಲ್ಲ. ಕೂಡಿಹಾಕಿದ ಹಿಂಡಿನಲ್ಲೂ ಹೆಣ್ಣು ತೋಳಗಳು ತಮ್ಮ ತಮ್ಮಲ್ಲೇ ಮೇಲುಕೀಳು ತೀರ್ಮಾನ ಮಾಡಿಕೊಳ್ಳುತ್ತವೆ, ಅದೂ ಜೋರಾಗಿಯೇ. ಗಂಡನ ಸ್ಥಾನವೇ ನಿನ್ನ ಸ್ಥಾನ ಅನ್ನುವುದು ಮನುಷ್ಯರ ನಿಯಮ. ಹಳೆ ಕಾಲದ ಮುದುಕರು ಇನ್ನೂ ಬದುಕಿದ್ದು ಆಳುತ್ತಿರುವುದಕ್ಕೆ ಹೀಗೆ ಅಂತ ಪುಸ್ತಕ ಹೇಳಿಕೊಳ್ಳುತ್ತದೆ. ಹಾಗಿದ್ದರೆ ಅದನ್ನು ಪ್ರಶ್ನೆ ಮಾಡುವ ಒಬ್ಬ ತೋಳಹೆಂಗಸು ಬೇಕಿತ್ತು. ನಿಮ್ಮ ಸಿಟ್ಟು ಸರಿಯಾಗಿಯೇ ಇದೆ.

ಇನ್ನೊಂದು. ಕಯೋಟಿಯನ್ನು ಆರಿಸಿಕೊಂಡಿದ್ದು ಎಷ್ಟು ಜಾಣತನ ಅಂತ ಜನ ಗಮನಿಸುವುದಿಲ್ಲ. ಕಯೋಟಿ ಒಂಬತ್ತರಿಂದ ಇಪ್ಪತ್ತು ಕಿಲೋ ತೂಗುವ ಪ್ರಾಣಿ. ದೊಡ್ಡ ತೋಳ ಅದರ ಎರಡು ಮೂರು ಪಟ್ಟು. ತೋಳಗಳು ಸಿಕ್ಕರೆ ಕಯೋಟಿಯನ್ನು ಕೊಲ್ಲುತ್ತವೆ. 1995ರಲ್ಲಿ ಅಮೆರಿಕದ ಯೆಲ್ಲೋಸ್ಟೋನ್ ರಾಷ್ಟ್ರೀಯ ಉದ್ಯಾನಕ್ಕೆ ತೋಳಗಳನ್ನು ಮತ್ತೆ ತಂದು ಬಿಟ್ಟಮೇಲೆ ಅಲ್ಲಿ ಕಯೋಟಿಗಳು ಕಡಿಮೆಯಾದವು. ಅಂಥ ಕಯೋಟಿ ಮರಿಯೊಂದು ತೋಳಗಳ ಹಿಂಡಿನಲ್ಲಿ ಬೆಳೆಯುತ್ತದೆ ಅನ್ನುವುದೇ ಮರ್ಸಿಯ ಬಾಲ್ಯ. ಅವಳು ಪ್ರತಿ ಮಾತನ್ನು ಅಳೆದು ತೂಗಿ ಆಡುವುದು ಯಾಕೆ ಅಂತ ಆಗ ಅರ್ಥವಾಗುತ್ತದೆ.

ಪುಟಮಡಿಚಿ

ಅಬ್ಬಾ, ಬಾಸೆಲ್ ವಿಷಯ ನನಗೆ ಗೊತ್ತೇ ಇರಲಿಲ್ಲ. ಈಗ ಆಡಮ್ ಮನೆಯೊಳಗೆ ಜನ ನಿಂತುಕೊಳ್ಳುವ ರೀತಿಯೇ ಬೇರೆ ಥರ ಕಾಣುತ್ತಿದೆ.

ಕಯೋಟಿ ಚಿಕ್ಕದು ಅನ್ನುವ ಮಾತಿಗೆ ಒಂದು ಪ್ರಶ್ನೆ. ಶುರುವಿನಲ್ಲೇ ಮ್ಯಾಕ್‌ನನ್ನು ಹಿಡಿಯಲು ಬಂದ ತೋಳಮನುಷ್ಯನನ್ನು ಮರ್ಸಿ ಕಯೋಟಿಯಾಗಿ ಕೊಂದುಬಿಡುತ್ತಾಳೆ. ಅದು ಜಾಸ್ತಿಯಾಯಿತು ಅನ್ನಿಸಲಿಲ್ಲವಾ?

ಕಾಡುದಾರಿ

ಅವಳೇ ಅದನ್ನು ಅದೃಷ್ಟ ಅನ್ನುವ ಹಾಗೆ ನೋಡುತ್ತಾಳೆ. ಅವನಿಗೆ ಇವಳು ಏನು ಅಂತ ಗೊತ್ತಿರಲಿಲ್ಲ, ಕಯೋಟಿಯ ವೇಗ ಇವಳ ಕಡೆ ಇತ್ತು. ಮತ್ತೆ ಮತ್ತೆ ಹಾಗೆ ಗೆದ್ದಿದ್ದರೆ ನಾನೂ ಪುಸ್ತಕ ಮುಚ್ಚಿಡುತ್ತಿದ್ದೆ. ಒಂದು ಸಲಕ್ಕೆ ಒಪ್ಪಿದೆ.

ಎರಡು ಕೊಡ ನೀರು

ರೂಪ ಬದಲಿಸುವ ಕಥೆಗಳಲ್ಲಿ ನಾನು ಮೊದಲು ಹುಡುಕುವುದು ಒಂದೇ. ಬದಲಾಗುವುದಕ್ಕೆ ಏನು ತೆರಬೇಕು?

ನಮ್ಮ ಜನಪದ ಕಥೆಯಲ್ಲಿ ಹೂವಿನ ಮರವಾಗುವ ಹುಡುಗಿ ಇದ್ದಾಳಲ್ಲ. ಒಂದು ಕೊಡ ನೀರು ಸುರಿದರೆ ಮರ, ಇನ್ನೊಂದು ಕೊಡ ಸುರಿದರೆ ಮತ್ತೆ ಹುಡುಗಿ. ನೀರು ಸುರಿಯುವವರು ಬೇರೆಯವರು. ಹೂವು ಕೀಳುವಾಗ ಎಲೆ ಕೊಂಬೆಗೆ ನೋವಾಗಬಾರದು. ಅಕ್ಕ ಸುರಿದಾಗ ಎಲ್ಲ ಸರಿಯಾಗಿ ನಡೆಯುತ್ತದೆ. ನಾದಿನಿಯ ಕೈಗೆ ಸಿಕ್ಕಾಗ ಕೊಂಬೆ ಮುರಿಯುತ್ತಾರೆ, ನೀರನ್ನು ಅರೆಬರೆ ಚೆಲ್ಲಿ ಓಡುತ್ತಾರೆ, ಹುಡುಗಿ ಕೈಕಾಲಿಲ್ಲದೆ ಅರ್ಧ ದೇಹವಾಗಿ ಉಳಿಯುತ್ತಾಳೆ. ಬದಲಾಗಬೇಕಾದರೆ ಇನ್ನೊಬ್ಬರನ್ನು ನಂಬಬೇಕು, ಆ ಕಥೆಯ ಹೆದರಿಕೆಯೆಲ್ಲ ಅಲ್ಲಿದೆ.

‘ಮೂನ್ ಕಾಲ್ಡ್’ನಲ್ಲಿ ತೋಳಮನುಷ್ಯರು ಬೆಲೆ ತೆರುತ್ತಾರೆ. ಸಾಯುವಷ್ಟು ಗಾಯವಾಗಿ ಬದುಕಿದರೆ ಮಾತ್ರ ತೋಳ ಆಗುವುದು. ಪ್ರತಿ ಸಲ ಬದಲಾಗುವಾಗ ಮೂಳೆ ಮುರಿದು ಕೂಡಿದ ಹಾಗೆ ನೋವು, ಅದಕ್ಕೆ ಹೊತ್ತೂ ಹಿಡಿಯುತ್ತದೆ. ಒಳಗಿನ ತೋಳವನ್ನು ಹಿಡಿತದಲ್ಲಿ ಇಡಲಾಗದವನನ್ನು ಹಿಂಡೇ ಕೊಲ್ಲುತ್ತದೆ. ಮರ್ಸಿಗೆ ಇದ್ಯಾವುದೂ ಇಲ್ಲ. ಕಣ್ಣು ಮಿಟುಕಿಸುವಷ್ಟರಲ್ಲಿ ಕಯೋಟಿ, ಮತ್ತೆ ಮನುಷ್ಯಳು, ಬಟ್ಟೆ ಮಾತ್ರ ಇರುವುದಿಲ್ಲ. ಚಂದ್ರನ ಹಂಗೂ ಇಲ್ಲ. ಮೊದಲು ಇದನ್ನು ಕೊರತೆ ಅಂತಲೇ ಎಣಿಸಿದ್ದೆ.

ಆಮೇಲೆ ಆ ತೊಟ್ಟಿಲಿನ ಮಾತು ತಲೆಯಲ್ಲಿ ಉಳಿಯಿತು. ಇನ್ನೂ ಹದಿಹರೆಯದ ತಾಯಿ. ಮಗುವಿನ ಅಪ್ಪ ಆಗಲೇ ಸತ್ತಿದ್ದಾನೆ. ಒಂದು ದಿನ ತೊಟ್ಟಿಲಲ್ಲಿ ನೋಡಿದರೆ ಮಗು ಇಲ್ಲ, ಕಯೋಟಿ ಮರಿ ಮಲಗಿದೆ. ಆ ತಾಯಿ ಏನು ಮಾಡಬೇಕು? ತನಗೆ ಸಾಕಲು ಆಗುವುದಿಲ್ಲ ಅಂತ ಮೊಂಟಾನಾದ ತೋಳಮನುಷ್ಯರ ಕೈಗೆ ಒಪ್ಪಿಸುತ್ತಾಳೆ. ಮರ್ಸಿ ತೆತ್ತ ಬೆಲೆ ಅದು. ನೋವಿಲ್ಲದೆ ರೂಪ ಬದಲಾಗುತ್ತದೆ, ಆದರೆ ತನ್ನಂಥವರು ಅಂತ ಯಾರೂ ಇಲ್ಲ. ತೋಳಗಳ ಮನೆಯಲ್ಲಿ ಕಯೋಟಿ, ಅಮ್ಮನ ಮನೆಯಲ್ಲೂ ಹೊರಗಿನವಳು.

ಇದನ್ನು ಬ್ರಿಗ್ಸ್ ಎರಡು ಮೂರು ಸಾಲಿನಲ್ಲಿ ಹೇಳಿ ಮುಂದೆ ಹೋಗುತ್ತಾರೆ. ವ್ಯಾಂಪೈರ್‌ಗಳ ಕಟ್ಟುಪಾಡು ವಿವರಿಸಲು ಪುಟಗಟ್ಟಲೆ ಜಾಗ ಕೊಟ್ಟವರು ಈ ತೊಟ್ಟಿಲ ಹತ್ತಿರ ಇನ್ನೂ ಸ್ವಲ್ಪ ಹೊತ್ತು ನಿಲ್ಲಬೇಕಿತ್ತು.

ಔಷಧಿ ಡಬ್ಬಿ

ಕಥೆಯ ಗಂಟಿನ ಬಗ್ಗೆ ಯಾರೂ ಮಾತಾಡಲಿಲ್ಲ. ನಾನು ಫಾರ್ಮಸಿಯಲ್ಲಿ ಕೆಲಸ ಮಾಡುವವಳು, ನನಗೆ ಅದೇ ಮುಖ್ಯ.

ತೋಳಮನುಷ್ಯನನ್ನು ಮಲಗಿಸುವ ಮದ್ದು ಇಲ್ಲ ಅಂತ ಎಲ್ಲರೂ ನಂಬಿದ್ದಾರೆ. ಅವರ ಮೈ ಯಾವ ಔಷಧಿಯನ್ನೂ ಬೇಗ ಸುಟ್ಟುಬಿಡುತ್ತದೆ. ಖಳರು ಒಂದು ಬೆರಕೆ ಕಂಡುಹಿಡಿದಿದ್ದಾರೆ. ಕೆಟಮಿನ್, ಸಿಲ್ವರ್ ನೈಟ್ರೇಟ್, ಡಿಎಂಎಸ್‌ಒ. ಇದು ನನಗೆ ತುಂಬಾ ಖುಷಿ ಕೊಟ್ಟಿತು. ತೋಳಮನುಷ್ಯನನ್ನು ಕೊಲ್ಲಲು ಬೆಳ್ಳಿ ಗುಂಡು ಅನ್ನುವ ಹಳೇ ದಾರಿ ಬಿಟ್ಟು, ಬೆಳ್ಳಿಯನ್ನು ಉಪ್ಪಿನ ರೂಪದಲ್ಲಿ ಕರಗಿಸಿ ಮೈಗೆ ಸೇರಿಸುವುದು. ಗುಂಡು ಎರಕ ಹೊಯ್ಯುವುದೂ ಸುಲಭದ ಮಾತಲ್ಲ. ಸೀಸ 327 ಡಿಗ್ರಿ ಸೆಲ್ಸಿಯಸ್‌ಗೆ ಕರಗುತ್ತದೆ, ಬೆಳ್ಳಿಗೆ ಸುಮಾರು 962 ಬೇಕು. ಡಿಎಂಎಸ್‌ಒ ಚರ್ಮದ ಮೂಲಕವೇ ಒಳಗೆ ಇಳಿಯುವ ದ್ರಾವಕ, ತನ್ನ ಜೊತೆ ಬೇರೆ ಪದಾರ್ಥಗಳನ್ನೂ ಒಯ್ಯುತ್ತದೆ. ಕೆಟಮಿನ್ ಮನುಷ್ಯರಿಗೂ ಪ್ರಾಣಿಗಳಿಗೂ ಕೊಡುವ ಅರಿವಳಿಕೆ. ಮೂರಕ್ಕೂ ಒಂದೊಂದು ಕೆಲಸ ಇದೆ.

ನಿಜವಾದ ರಸಾಯನದಲ್ಲಿ ಇದು ನಡೆಯುವುದು ಕಷ್ಟ. ರಕ್ತದಲ್ಲಿ ಕ್ಲೋರೈಡ್ ಇದೆ. ಸಿಲ್ವರ್ ನೈಟ್ರೇಟ್ ಅದಕ್ಕೆ ತಾಗಿದ ಕೂಡಲೇ ಕರಗದ ಬಿಳಿ ಸಿಲ್ವರ್ ಕ್ಲೋರೈಡ್ ಆಗಿ ಕೂತುಬಿಡುತ್ತದೆ. ಅದು ನನಗೆ ತಪ್ಪು ಅನ್ನಿಸಲಿಲ್ಲ, ಕಥೆಗೆ ಇಷ್ಟು ಸಾಕು.

ಆದರೆ ನೋಡಿ, ಕುದುರೆಗಳ ಊತಕ್ಕೆ ಡಿಎಂಎಸ್‌ಒ ಹಚ್ಚುತ್ತಾರೆ. ಕೆಟಮಿನ್ ಪ್ರಾಣಿ ವೈದ್ಯರ ಬೀರುವಿನಲ್ಲಿ ಇದ್ದೇ ಇರುತ್ತದೆ. ಈ ಎರಡು ಹೆಸರು ಕೇಳಿದ ಕೂಡಲೇ ನನಗೆ ಅನ್ನಿಸಿದ್ದು, ಇದರ ಹಿಂದೆ ಪ್ರಾಣಿ ವೈದ್ಯರಿಗೆ ಹತ್ತಿರದವರು ಯಾರೋ ಇದ್ದಾರೆ ಅಂತ. ಮೊಂಟಾನಾದಲ್ಲಿ ಮರ್ಸಿ ಭೇಟಿ ಮಾಡುವ ಡಾಕ್ಟರ್ ವಾಲೆಸ್ ಯಾರು? ಪ್ರಾಣಿ ವೈದ್ಯ! ಕಾಯಿಲೆ ಬಿದ್ದು, ಬದುಕಿಸಲು ಬೇರೆ ದಾರಿ ಇಲ್ಲದೆ ತೋಳವಾದ ಮುದುಕ. ಒಳಗಿನ ತೋಳವನ್ನು ಒಪ್ಪಿಕೊಳ್ಳಲು ಆಗುತ್ತಿಲ್ಲ, ಹೀಗೇ ಆದರೆ ಅವನನ್ನು ಕೊಲ್ಲಬೇಕಾಗುತ್ತದೆ. ಅವನ ಮಗನೇ ಜೆರಿ. ಸುಳಿವು ನಮ್ಮ ಕಣ್ಣೆದುರಿಗೇ ಇತ್ತು. ಇಷ್ಟು ಚೆನ್ನಾಗಿ ಹೆಣೆದು, ಕೊನೆಗೆ ಮರ್ಸಿಯೇ ಅದನ್ನು ಜೋಡಿಸುವ ಹಾಗೆ ಮಾಡಿದ್ದರೆ ಎಷ್ಟು ಸೊಗಸಾಗಿರುತ್ತಿತ್ತು. ಅವಳು ಅಲ್ಲಿ ಇಲ್ಲಿ ವಿಚಾರಿಸುತ್ತಾಳೆ, ವಾಸನೆ ಹಿಡಿಯುತ್ತಾಳೆ, ವ್ಯಾಂಪೈರ್‌ಗಳ ಹತ್ತಿರ ಹೋಗುತ್ತಾಳೆ, ಆದರೆ ಜೆರಿಯ ಲೆಕ್ಕಾಚಾರ ಪೂರ್ತಿ ಬಿಚ್ಚಿಕೊಳ್ಳುವುದು ಕೊನೆಯಲ್ಲಿ, ಮಾತುಗಳಲ್ಲಿ.

ಪುಟಮಡಿಚಿ

ಅಯ್ಯೋ, ಇದನ್ನೇ ನನಗೆ ಸರಿಯಾಗಿ ಹೇಳಲು ಬಂದಿರಲಿಲ್ಲ. ಅಪ್ಪನನ್ನು ಉಳಿಸಬೇಕು ಅನ್ನುವ ಮಗ, ಅದಕ್ಕಾಗಿ ಆಡಮ್‌ನನ್ನು ಬ್ರಾನ್ ಮೇಲೆ ಎತ್ತಿಕಟ್ಟಲು ನೋಡುತ್ತಾನೆ. ಒಳ್ಳೆಯ ಕಾರಣ. ಕರುಳು ಹಿಂಡುವ ಕಾರಣ. ಆದರೆ ಅವನ ಯೋಜನೆಯನ್ನು ನಾನು ಮೂರು ಸಲ ಓದಬೇಕಾಯಿತು. ಮದ್ದು ಯಾಕೆ, ಮ್ಯಾಕ್ ಯಾಕೆ, ಜೆಸ್ಸಿ ಯಾಕೆ, ಎಲ್ಲಕ್ಕೂ ಉತ್ತರ ಇದೆ. ಎಲ್ಲ ಉತ್ತರವೂ ಒಂದೇ ಕಡೆ ರಾಶಿ ಬೀಳುತ್ತದೆ.

ಹಳೇ ಓದುಗ

ಈ ಸರಣಿಯನ್ನು ಶುರುವಿನಿಂದ ಹಿಂಬಾಲಿಸಿದವನು ನಾನು. ನೀವೆಲ್ಲ ಹೇಳಿದ ಕೊರತೆಗಳನ್ನು ಒಪ್ಪುತ್ತೇನೆ. ಒಂದು ಮಾತು ಮಾತ್ರ ಸೇರಿಸುತ್ತೇನೆ. ಮೊದಲ ಪುಸ್ತಕಕ್ಕೆ ಎರಡು ಭಾರ ಇರುತ್ತದೆ. ತನ್ನ ಕಥೆ ಹೇಳಬೇಕು, ಮುಂದಿನವಕ್ಕೆ ನೆಲ ಹದ ಮಾಡಬೇಕು. ಇಲ್ಲಿ ತೋಳ, ವ್ಯಾಂಪೈರ್, ಫೇ, ಮಾಟಗಾತಿ ಎಲ್ಲರನ್ನೂ ಒಂದೇ ಸಲ ಅಂಗಳಕ್ಕೆ ಕರೆದು ಪರಿಚಯ ಮಾಡಿಸಿದ್ದಾರೆ. ಸ್ಟೆಫಾನ್ ಅಂಥವನು ತಕ್ಷಣ ಮನಸ್ಸಿಗೆ ಇಳಿಯುತ್ತಾನೆ, ಯಾಕೆಂದರೆ ಮಕ್ಕಳ ಕಾರ್ಟೂನಿನ ವ್ಯಾನಿನ ಹಾಗೆ ಬಣ್ಣ ಬಳಿದ ಬಸ್ಸಿನಲ್ಲಿ ಓಡಾಡುವ ವ್ಯಾಂಪೈರ್ ಅವನು. ಉಳಿದವರಲ್ಲಿ ಎಷ್ಟೋ ಜನ ಹೆಸರುಗಳಾಗಿಯೇ ಉಳಿಯುತ್ತಾರೆ. ಅರ್ಧ ಜನರನ್ನು ಎರಡನೇ ಭಾಗಕ್ಕೆ ಬಿಟ್ಟಿದ್ದರೆ ಮ್ಯಾಕ್‌ಗೆ ಜಾಗ ಸಿಗುತ್ತಿತ್ತು.

ಮರ್ಸಿಯ ಅಪ್ಪನ ಕಡೆಯ ವಿಷಯ ಯಾರೂ ಎತ್ತಲಿಲ್ಲ. ಅವನು ಮೊಂಟಾನಾದ ಬ್ಲ್ಯಾಕ್‌ಫೀಟ್ ಅನ್ನುವ ಮೂಲನಿವಾಸಿ ಜನಕ್ಕೆ ಸೇರಿದವನು, ರೋಡಿಯೋದಲ್ಲಿ ಗೂಳಿ ಸವಾರಿ ಮಾಡುತ್ತಿದ್ದವನು. ಬ್ರಿಗ್ಸ್ ಮೊಂಟಾನಾದ ಬ್ಯೂಟ್‌ನಲ್ಲಿ ಹುಟ್ಟಿದವರು, ಆ ನಾಡು ಅವರಿಗೆ ಚೆನ್ನಾಗಿ ಗೊತ್ತು. ಆದರೆ ಆ ಜನದವರಲ್ಲ. ಮೊದಲ ಪುಸ್ತಕದಲ್ಲಿ ಮರ್ಸಿಗೂ ತನ್ನ ಅಪ್ಪನ ಜನರ ಬಗ್ಗೆ ಏನೂ ಗೊತ್ತಿಲ್ಲ. ಅವಳನ್ನು ‘ವಾಕರ್’ ಅನ್ನುತ್ತಾರೆ. ಆ ಹೆಸರು ಅಮೆರಿಕದ ನೈರುತ್ಯ ಭಾಗದ ಬೇರೆ ಮೂಲನಿವಾಸಿ ಜನರ ನಂಬಿಕೆಯಿಂದ ಬಂದಿದ್ದು, ತನಗೆ ಸರಿಯಾಗಿ ಹೊಂದುವುದಿಲ್ಲ ಅಂತ ಅವಳೇ ಹೇಳುತ್ತಾಳೆ. ಹೇಳಿಬಿಟ್ಟರೆ ಸಾಕಾ? ನನಗೆ ಸಾಲಲಿಲ್ಲ. ಆ ಜನರ ಕಥೆಗಳಿಂದ ಶಕ್ತಿ ಮಾತ್ರ ಎರವಲು ತಂದು, ಜನರನ್ನು ಹೊರಗೆ ನಿಲ್ಲಿಸಿದ ಹಾಗೆ ಆಗಿದೆ. ಅಪ್ಪನ ಕಡೆಗೆ ಕಥೆ ಸರಿಯಾಗಿ ತಿರುಗುವುದು ಆರನೇ ಪುಸ್ತಕದಲ್ಲಿ, ಅದು ಬಂದಿದ್ದು 2011ರಲ್ಲಿ. ಐದು ವರ್ಷ ಕಾಯಬೇಕಾಯಿತು.

ಮುಖಪುಟದ ಬಗ್ಗೆಯೂ ಒಂದು ಮಾತು. ಡ್ಯಾನ್ ಡಾಸ್ ಸಾಂಟೋಸ್ ಬಿಡಿಸಿದ ಚಿತ್ರ ಚೆನ್ನಾಗಿದೆ, ಕೈಯಲ್ಲಿ ಉಪಕರಣ ಇದೆ. ಆದರೆ ಮೈ ತುಂಬಾ ಹಚ್ಚೆ. ಪುಸ್ತಕದ ಮರ್ಸಿಗೆ ಇರುವುದು ಒಂದೇ ಹಚ್ಚೆ, ಹೊಟ್ಟೆಯ ಮೇಲೆ ಕಯೋಟಿ ಹೆಜ್ಜೆ.

ಬೆಳದಿಂಗಳ ಓದು

ಅಪ್ಪನ ವಿಷಯ ಎತ್ತಿದ್ದು ಒಳ್ಳೆಯದಾಯಿತು ಸರ್. ನನಗೂ ಅದೇ ಚುಚ್ಚಿತ್ತು.

ಮುಂದೆ ಹೆಂಗಸರಿಗೆ ಜಾಗ ಸಿಗುತ್ತದಾ? ನಾನು ಮೊದಲನೆಯದಕ್ಕೇ ನಿಲ್ಲಿಸಿದ್ದೆ.

ಹಳೇ ಓದುಗ

ಸಿಗುತ್ತದೆ, ನಿಧಾನವಾಗಿ. ಮೊದಲ ಪುಸ್ತಕದಲ್ಲಿ ಮ್ಯಾಕ್‌ನನ್ನು ಮದ್ದಿನ ಪ್ರಯೋಗಕ್ಕೆ ಮಾರಿದ ಶಿಕಾಗೋ ಹಿಂಡು ನೆನಪಿದೆಯಲ್ಲ? ಆ ಹಿಂಡಿನೊಳಗೆ ಒಬ್ಬ ಹೆಂಗಸು ಇದ್ದಳು, ಆನಾ. ಅವಳಿಗೆ ಅಲ್ಲಿ ಏನಾಯಿತು ಅನ್ನುವುದರಿಂದಲೇ ಬ್ರಿಗ್ಸ್ ಇನ್ನೊಂದು ಸರಣಿ ಶುರು ಮಾಡಿದರು. ಮೊದಲು 2007ರಲ್ಲಿ ಒಂದು ಕಿರು ಕಾದಂಬರಿ, 2008ರಲ್ಲಿ ಪೂರ್ತಿ ಪುಸ್ತಕ. ನೀವು ಕೇಳಿದ ತೋಳಹೆಂಗಸಿನ ದನಿ ಅಲ್ಲಿದೆ. ಆಲ್ಫಾನ ಮುಂದೆ ತಲೆ ತಗ್ಗಿಸಬೇಕು ಅನ್ನುವ ನಿಯಮ ತನಗೆ ಹಿಡಿಯುವುದೇ ಇಲ್ಲ ಅಂತ ಕಂಡುಕೊಳ್ಳುವ ಹೆಂಗಸು ಅವಳು.

ಬೆಳದಿಂಗಳ ಓದು

ಶಿಕಾಗೋ ಹಿಂಡಿನೊಳಗೇ ಇದ್ದಳಾ! ಹಾಗಾದರೆ ‘ಮೂನ್ ಕಾಲ್ಡ್’ ನಡೆಯುವಾಗ ಅವಳೂ ಆ ಮನೆಯಲ್ಲೇ ಇದ್ದಳು. ನಮಗೆ ಕಾಣಿಸಲಿಲ್ಲ ಅಷ್ಟೇ. ಇದನ್ನು ಓದಲೇಬೇಕು.

ಗ್ರೀಸ್ ಕೈ

ಎರಡನೇ ಭಾಗದಲ್ಲಿ ಗ್ಯಾರೇಜ್ ಇದೆಯಾ? ನನಗೆ ಅಷ್ಟು ಹೇಳಿದರೆ ಸಾಕು.

ಹಳೇ ಓದುಗ

ಇದೆ. ಝೀನೂ ಇದ್ದಾನೆ.

ಪುಟಮಡಿಚಿ

ಎಲ್ಲರಿಗೂ ಥ್ಯಾಂಕ್ಸ್. ಇಷ್ಟು ಓದಿದ ಮೇಲೆ ಮೊದಲ ಅಧ್ಯಾಯ ಇನ್ನೊಂದು ಸಲ ತಿರುವಿ ಹಾಕಿದೆ, ಈ ಸಲ ಮ್ಯಾಕ್‌ನನ್ನು ಮಾತ್ರ ನೋಡುತ್ತಾ. ಅವನು ಗ್ಯಾರೇಜಿನಲ್ಲಿ ಕೇಳುವುದು ದುಡ್ಡಲ್ಲ, ಕೆಲಸ. ಅವನಿಂದ ಬರುವ ಹೆದರಿಕೆಯ ವಾಸನೆ ಮರ್ಸಿಗೆ ಗೊತ್ತಾಗುತ್ತದೆ. ಆದರೂ ಹೆಚ್ಚು ಕೇಳದೆ ಕೆಲಸಕ್ಕೆ ಹಚ್ಚುತ್ತಾಳೆ. ಕಾಡುದಾರಿ ಅವರು ಹೇಳಿದ ಹಾಗೆ ತೋಳಗಳ ನಡುವೆ ಬೆಳೆದ ಕಯೋಟಿ ಅವಳು, ದೂರ ಓಡಬೇಕಿತ್ತು. ಓಡಲಿಲ್ಲ. ಊರಿಂದ ಹೊರಗೆ ಬಿದ್ದ ಮರಿ ಹೇಗಿರುತ್ತದೆ ಅಂತ ಅವಳಿಗೆ ಗೊತ್ತಿತ್ತಲ್ಲ. ತೊಟ್ಟಿಲಿನ ಮಾತು ಓದಿದ ಮೇಲೆ ನನಗೆ ಅದು ಕಾಣಿಸಿತು.

ಅವನಿಗಾಗಿ ಅವಳು ಅಳಲಿಲ್ಲ ಅಂತ ನಾನು ಮೊದಲು ದೂರಿದ್ದು ಈಗ ಸ್ವಲ್ಪ ಸಡಿಲವಾಗಿದೆ. ಆದರೆ ಪೂರ್ತಿ ಹೋಗಿಲ್ಲ. 2007ರಲ್ಲಿ ಬಂದ ಎರಡನೇ ಭಾಗ ‘ಬ್ಲಡ್ ಬೌಂಡ್’ ಈಗ ಮೇಜಿನ ಮೇಲಿದೆ. ಇವತ್ತು ರಾತ್ರಿ ಶುರು ಮಾಡುತ್ತೇನೆ, ಮ್ಯಾಕ್ ಹೆಸರು ಎಲ್ಲಾದರೂ ಬರುತ್ತದಾ ಅಂತ ನೋಡಿಕೊಂಡೇ ಓದುತ್ತೇನೆ.